ಅಳದ ಮಗಳು: ಡೇ ಕೇರ್‌ಗೆ ಮಕ್ಕಳನ್ನು ಬಿಟ್ಟ ತಾಯಿಯೊಬ್ಬರ ಪ್ರಕರಣ

ಬಾಗಲಕೋಟೆಯ ನವನಗರದಲ್ಲಿ ನಾನು ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಹೇಳುತ್ತಿರುವ ಪ್ರಕರಣದ ಕುಟುಂಬದವರು ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ; ಅವರ ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ತಾಯಿಗೆ 33 ವರ್ಷ. ನವನಗರದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಪತಿ ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಮಿಸ್ಟ್. ಇವರಿಗೆ ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು. ನವೆಂಬರ್ ಕೊನೆಯಲ್ಲಿ ಅವರು ನನ್ನ ಬಳಿ ಬಂದಾಗ ಮಕ್ಕಳಿಗೆ ಒಂದು ವರ್ಷ ಎಂಟು ತಿಂಗಳಾಗಿತ್ತು, ಡೇ ಕೇರ್‌ಗೆ ಸೇರಿಸಿ ಮೂರು ವಾರವಾಗಿತ್ತು. ಕಬ್ಬು ನುರಿಸುವ ಹಂಗಾಮು ಆಗಷ್ಟೇ ಆರಂಭವಾಗಿದ್ದುದರಿಂದ ಪತಿಗೆ ಪಾಳಿಯ ಕೆಲಸ. ಬೆಳಿಗ್ಗೆ ಮಕ್ಕಳನ್ನು ಬಿಡುವುದು, ಸಂಜೆ ಕರೆತರುವುದು ಎರಡೂ ತಾಯಿಯ ಪಾಲಿಗೇ ಬಂದಿದ್ದವು. ಅವರು ಹೇಳಿಕೊಂಡ ತೊಂದರೆ ಸರಳವಾಗಿತ್ತು: ಮಗ ಬಾಗಿಲಲ್ಲಿ ವಿಪರೀತ ಅಳುತ್ತಾನೆ, ಅವನ ಅಳು ಕಿವಿಯಲ್ಲೇ ಉಳಿದು ಕಚೇರಿಯಲ್ಲಿ ಕಡತ ಮುಂದಕ್ಕೆ ಸಾಗುವುದಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ. ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅವರ ಅಂಕ 8 ಬಂದಿತು. 5ರಿಂದ 9ರವರೆಗಿನ ಅಂಕವನ್ನು ಸೌಮ್ಯ ಲಕ್ಷಣವೆಂದು ಎಣಿಸುತ್ತಾರೆ. ವೈದ್ಯರ ಬಳಿಗೆ ಕಳುಹಿಸುವ ಅಗತ್ಯ ಆಗ ಕಾಣಲಿಲ್ಲ.

ಡೇ ಕೇರ್ ಅವರ ಮೊದಲ ಆಯ್ಕೆಯಾಗಿರಲಿಲ್ಲ. 180 ದಿನಗಳ ಹೆರಿಗೆ ರಜೆ ಮುಗಿದ ಮೇಲೆ, ರಾಜ್ಯದ ಮಹಿಳಾ ನೌಕರರಿಗೆ 2021ರಿಂದ ಸಿಗುತ್ತಿರುವ 180 ದಿನಗಳ ಶಿಶುಪಾಲನಾ ರಜೆಯನ್ನೂ ಅವರು ಬಳಸಿಕೊಂಡಿದ್ದರು. ಅಂಗನವಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ಮನೆಗೊಯ್ಯುವ ಆಹಾರ ಕೊಡುತ್ತಾರೆಯೇ ಹೊರತು ದಿನವಿಡೀ ನೋಡಿಕೊಳ್ಳುವುದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ 2023ರಿಂದ ತೆರೆಯತೊಡಗಿದ ‘ಕೂಸಿನ ಮನೆ’ಗಳು ಉದ್ಯೋಗ ಖಾತರಿ ಕೂಲಿಗೆ ಹೋಗುವ ಹಳ್ಳಿಯ ತಾಯಂದಿರಿಗಾಗಿ ಇರುವಂಥವು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯು 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದಿತು. ಇವರ ಕಚೇರಿಯಲ್ಲಿ ಇರುವವರೇ ಹದಿನೈದು ಜನ. ಇನ್ನು ನೆರೆಹೊರೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಒಂದು ಭಾಗ ಹೋದ ಮೇಲೆ ಕಟ್ಟಿದ ಊರು ನವನಗರ. ಒಂದೇ ಓಣಿಯಲ್ಲಿದ್ದವರು ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋದರು. ‘ಸ್ವಲ್ಪ ಕೂಸು ನೋಡಿಕೊಳ್ರಿ’ ಎಂದು ಪಕ್ಕದ ಮನೆಯ ಕಟ್ಟೆಯ ಮೇಲೆ ಮಗುವನ್ನು ಬಿಟ್ಟು ಹೋಗುವ ರೂಢಿ ಇಲ್ಲಿ ಬೇರುಬಿಡಲಿಲ್ಲ ಎಂಬುದು ನನ್ನ ಅನಿಸಿಕೆ. ನನ್ನ ಬಳಿ ಬರುವ ತಾಯಂದಿರಲ್ಲಿ ಹಲವರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ.

ಹೀಗಾಗಿ ಮಕ್ಕಳಿಗೆ ಒಂದು ವರ್ಷವಾದಾಗಿನಿಂದ ಅಕ್ಟೋಬರಿನವರೆಗೆ ಗುಳೇದಗುಡ್ಡದ ಅಜ್ಜಿ, ಅಂದರೆ ತಾಯಿಯ ತಾಯಿ, ಮಗಳ ಮನೆಯಲ್ಲಿದ್ದು ಇಬ್ಬರನ್ನೂ ನೋಡಿಕೊಂಡರು. ಮನೆಯಲ್ಲಿ ಮಕ್ಕಳಿಗೆ ಅವರು ‘ಆಯಿ’. ಮೊಣಕಾಲಿನ ನೋವು ಹೆಚ್ಚಾಗಿ, ಎರಡು ಮಕ್ಕಳನ್ನು ಎತ್ತುವುದು ಸಾಧ್ಯವಾಗದೆ, ದಸರೆ ಮುಗಿದ ಮೇಲೆ ಆಯಿ ಊರಿಗೆ ಮರಳಿದರು. ಈ ಸಂಗತಿಯನ್ನು ನಾನು ಮೊದಲ ಭೇಟಿಯಲ್ಲಿ ಒಂದೇ ಸಾಲಿನಲ್ಲಿ ಬರೆದುಕೊಂಡಿದ್ದೆ. ಈಗ ಆ ಸಾಲನ್ನು ನೋಡಿದರೆ ಮುಜುಗರವಾಗುತ್ತದೆ.

ಮೊದಲ ಭೇಟಿ ಪೂರ್ತಿ ಮಗನ ಅಳುವಿನ ಸುತ್ತಲೇ ನಡೆಯಿತು. ಅವನು ಆಟದಲ್ಲಿ ತೊಡಗಿದಾಗ ಸದ್ದು ಮಾಡದೆ ಹೊರಟುಬಿಡಿ ಎಂದು ಡೇ ಕೇರ್‌ನವರು ಹೇಳಿಕೊಟ್ಟಿದ್ದರು, ತಾಯಿ ಹಾಗೆಯೇ ಮಾಡುತ್ತಿದ್ದರು. ಇದು ಬಹಳ ಕಡೆ ಇರುವ ರೂಢಿ, ಮತ್ತು ನನ್ನ ಮಟ್ಟಿಗೆ ಕೆಟ್ಟ ರೂಢಿ. ಅಗಲಿಕೆಯ ಭಯ ಮಕ್ಕಳಲ್ಲಿ ಸುಮಾರು ಎಂಟು ತಿಂಗಳಿಗೆ ತಲೆದೋರಿ, ಹತ್ತರಿಂದ ಹದಿನೆಂಟು ತಿಂಗಳ ನಡುವೆ ಜೋರಾಗಿದ್ದು, ಎರಡು-ಮೂರು ವರ್ಷದ ಹೊತ್ತಿಗೆ ತಗ್ಗುತ್ತದೆ. ಆ ವಯಸ್ಸಿನಲ್ಲಿ ತಾಯಿ ಹೇಳದೆ ಮಾಯವಾದರೆ ಅಂದಿನ ಅಳು ತಪ್ಪೀತು, ಆದರೆ ಅವ್ವ ಯಾವ ಗಳಿಗೆಯಲ್ಲಿ ಬೇಕಾದರೂ ಇಲ್ಲದಂತಾಗಬಹುದು ಎಂಬುದನ್ನು ಕೂಸು ಕಲಿಯುತ್ತದೆ. ಮರುದಿನದಿಂದ ಅದು ಆಟ ಬಿಟ್ಟು ತಾಯಿಯ ಚಪ್ಪಲಿಯನ್ನೇ ಕಾಯುತ್ತದೆ. ಜರ್ಮನಿಯ ಶಿಶುವಿಹಾರಗಳಲ್ಲಿ ‘ಬರ್ಲಿನ್ ಮಾದರಿ’ ಎಂಬ ಕ್ರಮವೊಂದಿದೆ: ಮೊದಲ ಮೂರು ದಿನ ತಾಯಿ ಅಥವಾ ತಂದೆ ಮಗುವಿನ ಜೊತೆಯಲ್ಲೇ ಕೂರುತ್ತಾರೆ, ಬಿಟ್ಟುಹೋಗುವ ಪ್ರಯತ್ನವನ್ನೇ ಮಾಡುವುದಿಲ್ಲ, ನಾಲ್ಕನೆಯ ದಿನ ಹೇಳಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುತ್ತಾರೆ. ಇದನ್ನು ಹೇಳಿದಾಗ ಅವರು ಅಂದು ಮೊದಲ ಸಲ ನಕ್ಕರು. “ಮೂರು ದಿನ ಸಿ.ಎಲ್. ಯಾರು ಕೊಡ್ತಾರ್ರಿ ಮೇಡಂ, ಅದೂ ಕೂಸಿನ ಜೋಡಿ ಕುಂತು ಬರಾಕ?” ಕೊನೆಗೆ ಎರಡು ದಿನ ಅರ್ಧ ದಿನದ ರಜೆ ಹಾಕುವುದು, ಹೋಗುವಾಗ ಪ್ರತಿದಿನ ಅದೇ ಮಾತು ಹೇಳಿ ಹೋಗುವುದು, ಬಾಗಿಲಲ್ಲಿ ತಡವರಿಸದಿರುವುದು ಎಂದು ನಿರ್ಧಾರವಾಯಿತು.

ಎದ್ದು ಹೊರಟವರು ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತು ಹೇಳಿದರು: “ಇಂವ ಅಳ್ತಾನ ಅಂತ ಬ್ಯಾಸರ ರೀ. ಆದ್ರ ಆಕಿ ಒಮ್ಮಿನೂ ಹೊಳ್ಳಿ ನೋಡಂಗಿಲ್ಲ.” ನಾನು ಟಿಪ್ಪಣಿಯಲ್ಲಿ ‘ಮಗಳು ಹೊಂದಿಕೊಂಡಿದ್ದಾಳೆ’ ಎಂದು ಬರೆದೆ.

ಹತ್ತು ದಿನ ಬಿಟ್ಟು ಎರಡನೆಯ ಭೇಟಿಗೆ ಬಂದಾಗ ಮಗನ ಅಳು ನಾಲ್ಕೈದು ನಿಮಿಷಕ್ಕೆ ಇಳಿದಿತ್ತು, ತಾಯಿಯ ಮುಖ ಮಾತ್ರ ಮೊದಲಿಗಿಂತ ಬಾಡಿತ್ತು. ಮಗನ ಸುದ್ದಿಯನ್ನು ಎರಡು ಮಾತಿನಲ್ಲಿ ಮುಗಿಸಿದರು. ಬಳಿಕ ಹಿಂದಿನ ವಾರ ನಡೆದದ್ದನ್ನು ಹೇಳತೊಡಗಿದರು. ಅಂದು ಸಂಜೆ ಕಚೇರಿಯಿಂದ ಸ್ವಲ್ಪ ಮುಂಚೆ ಬಿಟ್ಟಿದ್ದರಿಂದ ಡೇ ಕೇರ್‌ಗೆ ಬೇಗ ತಲುಪಿದ್ದರು. ಒಳಗಿನ ಪಡಸಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು ಗೋಡೆಗೆ ಒರಗಿ ಕುಳಿತು ಬಾಳೆಹಣ್ಣು ಸುಲಿಯುತ್ತಿದ್ದರು. ಮಗಳು ಅವರ ತೊಡೆಯ ಮೇಲಿದ್ದಳು. ಬಾಯಲ್ಲಿದ್ದ ತುತ್ತು ನುಂಗಿ, ಕತ್ತು ಮೇಲೆತ್ತಿ, ಇನ್ನೊಂದು ತುತ್ತಿಗಾಗಿ ‘ಅವ್ವಾ’ ಎಂದಳು. ತಾಯಿ ಕಳಚಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರಂತೆ. ಆ ಹೆಂಗಸಿಗೆ ಇದರ ಸುಳಿವೇ ಇಲ್ಲ. ಅವರು ಸಂತೋಷದಿಂದಲೇ, “ನೋಡ್ರಿ ಅಕ್ಕಾರ, ನಂಗ ಅವ್ವಾ ಅಂತೈತಿ ಕೂಸು” ಎಂದಿದ್ದರು.

ಅದಾದ ಮೇಲಿನ ಸಂಜೆಗಳ ವರ್ಣನೆ ಕಷ್ಟದ್ದಾಗಿತ್ತು. ಡೇ ಕೇರ್‌ನಲ್ಲಿ ದಿನವಿಡೀ ನಗುನಗುತ್ತಾ ಇರುವ ಮಗಳು ಮನೆಯ ಹೊಸಿಲು ದಾಟಿದ ಕೂಡಲೇ ಬೇರೆಯೇ ಆಗುತ್ತಿದ್ದಳು. ತಟ್ಟೆ ಎಸೆಯುವುದು, ಕಚ್ಚುವುದು, ಎತ್ತಿಕೊಂಡರೆ ಇಳಿಸು ಎಂದು ಒದೆಯುವುದು, ಇಳಿಸಿದರೆ ಎತ್ತಿಕೋ ಎಂದು ಚೀರುವುದು. ಒಂದು ರಾತ್ರಿ ತಾಯಿಯ ಕೆನ್ನೆಗೆ ಹೊಡೆದಳು. ತಾಯಿ ತಿರುಗಿ ಹೊಡೆದರು. “ಇಷ್ಟು ಸಣ್ಣ ಕೂಸಿಗೆ ಹೊಡದೆ ರೀ ನಾನು” ಎನ್ನುವಾಗ ಅವರು ತಮ್ಮ ಅಂಗೈಯನ್ನೇ ನೋಡುತ್ತಿದ್ದರು. ಅದೇ ವಾರ ಅತ್ತೆ ಫೋನಿನಲ್ಲಿ, “ಎರಡು ಹಡದು ಎರಡನ್ನೂ ಮಂದಿ ಕೈಯಾಗ ಕೊಟ್ಟು ಕುಂತಾಳ” ಎಂದು ಮಗನಿಗೆ ಹೇಳಿದ್ದು ಸ್ಪೀಕರಿನಲ್ಲಿ ಇವರಿಗೂ ಕೇಳಿಸಿತ್ತು. ಆ ಮಾತು ನೋಯಿಸಿತಾದರೂ ತಮ್ಮನ್ನು ಮಲಗಗೊಡದೆ ಇರುವುದು ಅದಲ್ಲ ಎಂದು ಅವರೇ ಹೇಳಿದರು.

ಆಗ ಹೆರಿಗೆಯ ಕಾಲದ ಸಂಗತಿ ಹೊರಬಂದಿತು. ಅವಧಿಗೆ ಮುಂಚೆಯೇ ಹೆರಿಗೆಯಾಗಿ ಮಗನ ತೂಕ 1.7 ಕಿಲೋ, ಮಗಳದು 2.3 ಕಿಲೋ ಇತ್ತು. ಮಗನನ್ನು ನವಜಾತ ಶಿಶುಗಳ ವಿಶೇಷ ಘಟಕದಲ್ಲಿ ಹದಿನಾರು ದಿನ ಇರಿಸಿಕೊಂಡರು. ಆ ದಿನಗಳಲ್ಲಿ ತಾಯಿ ಅವನನ್ನು ಗಂಟೆಗಟ್ಟಲೆ ಎದೆಗೆ ಬರಿಮೈಯಲ್ಲಿ ಅಪ್ಪಿಕೊಂಡು ಕೂರುತ್ತಿದ್ದರು. ಕೊಲಂಬಿಯಾದ ಬೊಗೊಟಾದಲ್ಲಿ 1978ರ ಸುಮಾರಿಗೆ ಆರಂಭವಾಗಿ ಈಗ ನಮ್ಮ ಆಸ್ಪತ್ರೆಗಳಲ್ಲೂ ಕಡಿಮೆ ತೂಕದ ಶಿಶುಗಳಿಗೆ ಹೇಳುವ ಕಾಂಗರೂ ಆರೈಕೆ ಇದು. ಮಗಳನ್ನು ಮೂರನೆಯ ದಿನವೇ ಆಯಿ ಗುಳೇದಗುಡ್ಡಕ್ಕೆ ಕರೆದೊಯ್ದಿದ್ದರು. ಮುಂದೆ ಎಲ್ಲರೂ ಒಂದೇ ಮನೆಯಲ್ಲಿದ್ದಾಗಲೂ ಆ ಹಂಚಿಕೆ ಹಾಗೆಯೇ ಉಳಿಯಿತು: ಮಗ ತಾಯಿಯ ಮಗ್ಗುಲಲ್ಲಿ, ಮಗಳು ಆಯಿಯ ಮಗ್ಗುಲಲ್ಲಿ. ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಎರಡು ಕೂಸುಗಳಿರುವ ಮನೆಯಲ್ಲಿ ಎರಡು ಮಡಿಲಿದ್ದರೆ ಹಾಗೆ ಆಗಿಬಿಡುತ್ತದೆ. ತಾಯಿಯ ಲೆಕ್ಕದಲ್ಲಿ ಮಾತ್ರ ಅದು ಸಾಲವಾಗಿ ಉಳಿದಿತ್ತು. ಮಗಳು ಹೊಳ್ಳಿ ನೋಡದೆ ಒಳಗೆ ಓಡಿದಾಗಲೆಲ್ಲ ಆ ಸಾಲವನ್ನು ಯಾರೋ ಬಾಗಿಲಿಗೆ ಬಂದು ಕೇಳಿದಂತಾಗುತ್ತಿತ್ತು. “ಡೇ ಕೇರ್‌ಗೆ ಹಾಕಿದ್ದಕ್ಕ ಆಕಿ ನನ್ನಿಂದ ದೂರ ಆದ್ಲೇನ್ರಿ, ಇಲ್ಲಾ ಮೊದ್ಲೇ ದೂರ ಇದ್ಲೋ?” ಎಂಬುದು ಅವರ ನಿಜವಾದ ಪ್ರಶ್ನೆಯಾಗಿತ್ತು.

ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಕೊಡಬಹುದಿತ್ತು. ಅಮೆರಿಕದಲ್ಲಿ 1991ರಲ್ಲಿ ಆರಂಭವಾಗಿ ಹತ್ತು ಸ್ಥಳಗಳ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದು, ಮಗು ಬೇರೆಯವರ ಪಾಲನೆಯಲ್ಲಿದ್ದ ಮಾತ್ರಕ್ಕೆ ತಾಯಿಯೊಂದಿಗಿನ ಬಾಂಧವ್ಯ ಕೆಡುವುದಿಲ್ಲ, ಮಗುವಿನ ಸನ್ನೆಗೆ ತಾಯಿ ಸ್ಪಂದಿಸುವ ಬಗೆಯೇ ಹೆಚ್ಚು ಮುಖ್ಯ ಎಂದು ಕಂಡುಕೊಂಡಿತ್ತು. ಪಾಲನೆಯ ಗುಣಮಟ್ಟವೂ ಕಳಪೆಯಾಗಿ ಮನೆಯಲ್ಲೂ ಸ್ಪಂದನೆ ಕಡಿಮೆಯಿದ್ದರೆ ತೊಂದರೆಯ ಸಾಧ್ಯತೆ ಹೆಚ್ಚುತ್ತದೆ. ಎರಡನೆಯ ಭಾಗ ಅಷ್ಟು ಸುಲಭದ್ದಲ್ಲ. ಮಗು ಅಳದಿದ್ದರೆ ಪ್ರೀತಿಯಿಲ್ಲ ಎಂದು ನಮ್ಮಲ್ಲಿ ತಟ್ಟನೆ ತೀರ್ಮಾನಿಸುತ್ತೇವೆ. ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ ಬಾಲ್ಟಿಮೋರ್‌ನಲ್ಲಿ ವರ್ಷದ ಮಕ್ಕಳನ್ನು ತಾಯಿಯಿಂದ ಕೆಲವೇ ನಿಮಿಷ ಅಗಲಿಸಿ ನೋಡಿದ ಪ್ರಯೋಗದಲ್ಲಿ ಹೆಚ್ಚು ತೂಕ ಸಿಕ್ಕಿದ್ದು ಅಗಲುವಾಗಿನ ಅಳುವಿಗಲ್ಲ, ತಾಯಿ ಮರಳಿ ಬಂದಾಗ ಮಗು ಏನು ಮಾಡುತ್ತದೆ ಎಂಬುದಕ್ಕೆ. ಅಳದೆ ಆಟಿಕೆ ಹಿಡಿದು ಕುಳಿತ ಮಕ್ಕಳ ಎದೆಬಡಿತ ಅಳೆದು ನೋಡಿದ ನಂತರದ ಸಂಶೋಧಕರಿಗೆ, ಮೇಲೆ ಕಾಣದ ಕಳವಳ ಒಳಗೆ ಇರುವುದು ತಿಳಿಯಿತು. ಹಾಗೆಂದು ಪ್ರಯೋಗಾಲಯದ ಈ ಅಳತೆಗೋಲನ್ನು ತಂದು ನವನಗರದ ಮನೆಯೊಂದರ ಸಂಜೆಗೆ ಹಚ್ಚಿ ಮಗುವಿಗೆ ಹಣೆಪಟ್ಟಿ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಸಂಜೆಯ ರಂಪವೇ ಆ ಮಗುವಿನ ಅಳು ಇರಬಹುದು, ಅದನ್ನು ಅದು ಮನೆಗಾಗಿ ಕಾಯ್ದಿಟ್ಟುಕೊಂಡಿರಬಹುದು ಎಂದಷ್ಟೇ ತಾಯಿಗೆ ಹೇಳಿದೆ.

ಮುಂದಿನ ವಾರ, ನಡೆಸುವವರ ಅನುಮತಿ ಪಡೆದು, ಡೇ ಕೇರ್‌ನಲ್ಲಿ ಎರಡು ಗಂಟೆ ಕುಳಿತು ಬಂದೆ. ಒಂದು ಮನೆಯ ಕೆಳ ಅಂತಸ್ತು. ಹದಿನಾಲ್ಕು ಮಕ್ಕಳು, ನಡೆಸುವವರಲ್ಲದೆ ಇಬ್ಬರು ಹೆಂಗಸರು. ‘ಅವ್ವಾ’ ಎನಿಸಿಕೊಂಡವರು ಅರವತ್ತರ ಆಸುಪಾಸಿನವರು, ಇಳಕಲ್ ಸೀರೆ ಉಟ್ಟಿದ್ದರು. ಅವರು ಹುಡುಗಿಯರನ್ನೆಲ್ಲ ‘ಯವ್ವಾ’ ಎಂದೂ ಹುಡುಗರನ್ನೆಲ್ಲ ‘ಯಪ್ಪಾ’ ಎಂದೂ ಕರೆಯುತ್ತಿದ್ದರು: ಬಾರವ್ವಾ, ಉಣ್ಣವ್ವಾ, ಕುಂದ್ರಪ್ಪಾ. ನಮ್ಮ ಕಡೆ ಇದು ದಿನನಿತ್ಯದ ಮಾತು. ಹಡೆದವಳೂ ಅವ್ವ, ಹಡೆದ ಮಗಳೂ ಅವ್ವ, ಬಸ್ಸಿನಲ್ಲಿ ಪಕ್ಕ ಸರಿಯಲು ಹೇಳಬೇಕಾದ ಅಪರಿಚಿತ ಹೆಂಗಸೂ ಅವ್ವ. ಮಗಳು ತನಗೆ ಸಿಕ್ಕ ಕರೆಯನ್ನೇ ತಿರುಗಿ ಕೊಡುತ್ತಿದ್ದಾಳೆ, ಅಷ್ಟೇ, ಎಂದು ನನಗೆ ಹೊಳೆಯಿತು. ಒಳ್ಳೆಯ ವಿವರಣೆ ಸಿಕ್ಕಿತೆಂದು ಖುಷಿಯೂ ಆಯಿತು. ಇನ್ನೊಂದನ್ನು ಕಂಡೆ, ಆದರೆ ಅದಕ್ಕೆ ಬೆಲೆ ಕೊಡಲಿಲ್ಲ: ಮಗಳು ಆ ಹೆಂಗಸಿನ ಸೆರಗಿನ ತುದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಹೊಸೆಯುತ್ತಿದ್ದಳು, ಹಾಗೆ ಹೊಸೆಯುತ್ತಲೇ ನಿದ್ದೆಹೋದಳು.

ಮೂರನೆಯ ಭೇಟಿಗೆ ಮಗಳನ್ನೂ ಕರೆತರಲು ಹೇಳಿದ್ದೆ. ನನ್ನ ವಿವರಣೆಯನ್ನು ತಾಯಿ ತಲೆಯಾಡಿಸುತ್ತಾ ಕೇಳಿದರು, ಅರ್ಧ ಒಪ್ಪಿದಂತೆ ಕಂಡಿತು. ಮಗಳು ಚಾಪೆಯ ಮೇಲೆ ಮುಚ್ಚಳ ತೆಗೆದು ಹಾಕುವ ಡಬ್ಬಿಯೊಂದರಲ್ಲಿ ಮುಳುಗಿದ್ದಳು. ಅಷ್ಟರಲ್ಲಿ ತಾಯಿಯ ಫೋನು ಬಂತು, ಗುಳೇದಗುಡ್ಡದಿಂದ. ಅವರು ಫೋನು ಕಿವಿಗಿಟ್ಟು, “ಹೇಳವ್ವಾ, ಊಟ ಆತೇನು?” ಎಂದರು. ಮಗಳ ಕೈಯಲ್ಲಿದ್ದ ಮುಚ್ಚಳ ಅಲ್ಲಿಗೇ ನಿಂತಿತು. ತಲೆಯೆತ್ತಿ, ಮೊದಲು ಬಾಗಿಲ ಕಡೆ, ಆಮೇಲೆ ಫೋನಿನ ಕಡೆ ನೋಡಿ, ಕೇಳುವ ದನಿಯಲ್ಲಿ ‘ಅವ್ವಾ?’ ಎಂದಳು. ಎದ್ದು ಬಂದು ತಾಯಿಯ ಮೊಣಕಾಲು ಹತ್ತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು.

ತಾಯಿ ತಮ್ಮ ತಾಯಿಯನ್ನು ಕರೆಯುವುದು ‘ಅವ್ವಾ’ ಎಂದು. ಮಕ್ಕಳು ತಮ್ಮನ್ನು ‘ಮಮ್ಮಿ’ ಎನ್ನಲಿ, ಅಜ್ಜಿಯನ್ನು ‘ಆಯಿ’ ಎನ್ನಲಿ ಎಂದು ಕಲಿಸಿದ್ದರು. ಕೂಸು ಕಲಿಸಿದ್ದನ್ನು ಬಿಟ್ಟು ಕೇಳಿದ್ದನ್ನು ಹಿಡಿದಿತ್ತು. ಮನೆಯಲ್ಲಿ ಮಗಳು ಆಗಾಗ ‘ಅವ್ವಾ’ ಎಂದಾಗ ತನ್ನನ್ನೇ ಕರೆಯುತ್ತಾಳೆಂದು, ಒಮ್ಮೆ ಮಮ್ಮಿ ಒಮ್ಮೆ ಅವ್ವ ಎನ್ನುವುದು ಅವಳ ಮುದ್ದೆಂದು ತಾಯಿ ತಿಳಿದುಕೊಂಡಿದ್ದರು. ಡೇ ಕೇರ್‌ನಲ್ಲಿ ಕೈತಪ್ಪಿ ಹೋಯಿತೆಂದು ಅವರು ಅತ್ತ ಆ ಶಬ್ದ ಆ ಮಗುವಿನ ಬಾಯಲ್ಲಿ ಅಜ್ಜಿಯ ಹೆಸರಾಗಿತ್ತು. ಅದೇ ವಯಸ್ಸು, ಅದೇ ಇಳಕಲ್ ಸೆರಗು, ಅದೇ ‘ಬಾರವ್ವಾ’. ಮಗು ಅಲ್ಲಿ ಹೊಸ ತಾಯಿಯನ್ನಲ್ಲ, ಕಳೆದುಹೋದ ಆಯಿಯನ್ನು ಕಂಡಿತ್ತು. ತಾಯಿ ಇದನ್ನು ಗ್ರಹಿಸಿದ ಕೂಡಲೇ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, “ಹಂಗಾರ ಅದು ನಂದು ಆಗಿರಲೇ ಇಲ್ಲೇನ್ರಿ” ಎಂದು ಅತ್ತರು. ಹೇಳಬೇಕಿತ್ತೇ, ಬೇಡವಿತ್ತೇ ಎಂದು ನಾನು ಅನುಮಾನಪಟ್ಟ ಗಳಿಗೆ ಅದು. ಮನಸ್ಸು ಒಂದು ನೋವಿನಿಂದ ಬಿಡಿಸಿಕೊಳ್ಳುವಾಗ ಇನ್ನೊಂದು ನೋವನ್ನು ಹಿಡಿದುಕೊಂಡೇ ಏಳುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದುವುದು ಬೇರೆ, ಎದುರಿಗೆ ಕುಳಿತು ನೋಡುವುದು ಬೇರೆ.

ಪ್ರಕರಣದ ದಿಕ್ಕು ಅಲ್ಲಿಂದ ಬದಲಾಯಿತು. ಆಯಿ ಊರಿಗೆ ಹೋದದ್ದು ಹೇಗೆ ಎಂದು ಕೇಳಿದೆ. ಫೋನಿನಲ್ಲಿ ಆಯಿಯೇ ಹೇಳಿದರು: “ಎಚ್ಚರಿದ್ದಾಗ ಹೊಂಟರ ಕೂಸುಗಳು ಅಳ್ತಾವ, ನನ್ನ ಕಾಲೂ ಮುಂದಕ್ಕ ಹೋಗಂಗಿಲ್ಲಂತ ನಸಿಕಿನ್ಯಾಗ ಎದ್ದು ಬಂದ್ನಿ.” ಹುಟ್ಟಿದ ಮೂರನೆಯ ದಿನದಿಂದ ಮಗ್ಗುಲಲ್ಲಿದ್ದ ಜೀವ ಒಂದು ಬೆಳಿಗ್ಗೆ ಇರಲಿಲ್ಲ. ಮೂರು ವಾರದೊಳಗೆ ಡೇ ಕೇರ್ ಆರಂಭವಾಯಿತು. ಎಲ್ಲರ ಕಣ್ಣೂ ಬಾಗಿಲಲ್ಲಿ ಅಳುವ ಮಗನ ಮೇಲಿದ್ದುದರಿಂದ, ಹೆಚ್ಚು ಕಳೆದುಕೊಂಡವಳು ಒಳಗೆ ಓಡಿಹೋಗುವ ಮಗಳೆಂಬುದು ನನ್ನನ್ನೂ ಸೇರಿಸಿ ಯಾರಿಗೂ ತೋಚಿರಲಿಲ್ಲ.

ಮಾಡಿದ್ದು ದೊಡ್ಡ ಚಿಕಿತ್ಸೆಯೇನಲ್ಲ. ದಿನ ಬಿಟ್ಟು ದಿನ ಆಯಿಯೊಂದಿಗೆ ವಿಡಿಯೊ ಕರೆ, ಕರೆ ಮುಗಿಸುವಾಗ ಹೇಳಿಯೇ ಮುಗಿಸುವುದು. ಎರಡು ವಾರಕ್ಕೊಮ್ಮೆ ಭಾನುವಾರ ಗುಳೇದಗುಡ್ಡಕ್ಕೆ ಹೋಗುವುದು, ಮರಳುವಾಗ ಎಷ್ಟೇ ಅತ್ತರೂ ಮಗುವನ್ನು ಎಚ್ಚರದಲ್ಲಿಯೇ ಕರೆತರುವುದು. ಸಂಜೆ ಬಂದ ಕೂಡಲೇ ಒಲೆ ಹಚ್ಚದೆ ಇಪ್ಪತ್ತು ನಿಮಿಷ ನೆಲದ ಮೇಲೆ ಮಕ್ಕಳ ಜೊತೆ ಕೂರುವುದು. ಪತಿಗೆ ವಾರದ ರಜೆಯಿದ್ದ ದಿನ ಅವರು ಮಗನನ್ನು ಹೊರಗೆ ಕರೆದೊಯ್ದು, ತಾಯಿ ಮತ್ತು ಮಗಳು ಇಬ್ಬರೇ ಇರುವಂತೆ ನೋಡಿಕೊಳ್ಳುವುದು. ಮನೆಯ ವಸ್ತು ತಂದರೆ ಮಕ್ಕಳು ಜಗಳವಾಡುತ್ತವೆ ಎಂದು ಡೇ ಕೇರ್‌ನವರು ಮಗಳ ಕೌದಿಯನ್ನು ಹಿಂದಕ್ಕೆ ಕಳುಹಿಸಿದ್ದರು. ಆ ಕೌದಿ ಆಯಿ ಹೊಲಿದದ್ದು, ಹಳೆಯ ಸೀರೆಯ ಒಡಲಿಗೆ ಗುಳೇದಗುಡ್ಡದ ಖಣದ ತುಂಡುಗಳನ್ನು ಸೇರಿಸಿ. ಮಗು ಅಗಲಿದ ವ್ಯಕ್ತಿಯ ಬದಲಿಗೆ ಹಿಡಿದುಕೊಳ್ಳುವ ಇಂಥ ವಸ್ತುವಿನ ಬಗ್ಗೆ ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ 1950ರ ದಶಕದಲ್ಲೇ ಬರೆದಿದ್ದಾರೆ. ಅದನ್ನು ತೊಳೆಯುವ ಮುನ್ನವೂ ಯೋಚಿಸಬೇಕು ಎನ್ನುವಷ್ಟು ಮುಖ್ಯ ಅದು. ಆಯಿ ತಾವೇ ಉಪಾಯ ಹೇಳಿದರು. ಅದೇ ಖಣದ ಚೂರುಗಳಿಂದ ಅಂಗೈಯಗಲದ ಎರಡು ಪುಟ್ಟ ಕೌದಿಗಳನ್ನು ಹೊಲಿದು ಕಳುಹಿಸಿದರು, ಜೇಬಿನಲ್ಲಿ ಹಿಡಿಸುವಂಥವು. ಮಗ ತನ್ನದನ್ನು ಎರಡನೆಯ ದಿನವೇ ಎಲ್ಲೋ ಬಿಸಾಕಿದ. ಮಗಳದು ಸಂಕ್ರಾಂತಿಯ ಹೊತ್ತಿಗೆ ಒಂದು ಮೂಲೆಯಲ್ಲಿ ಹೊಸೆದು ಹೊಸೆದು ನೂಲು ಬಿಟ್ಟಿತ್ತು.

ಸಂಜೆಯ ರಂಪ ಜನವರಿ ಕೊನೆಗೆ ವಾರಕ್ಕೆ ಒಂದೋ ಎರಡೋ ಸಲಕ್ಕೆ ಇಳಿಯಿತು. ತಾಯಿಯ ಪಿಎಚ್‌ಕ್ಯೂ-9 ಅಂಕ 3ಕ್ಕೆ ಬಂತು. ಡೇ ಕೇರ್‌ನ ಆ ಹೆಂಗಸಿನೊಂದಿಗೆ ಮಾತಾಡುವುದು ತಾಯಿಗೆ ಬಹಳ ದಿನ ಕಷ್ಟವಾಗಿತ್ತು. ಒಂದು ದಿನ ಅವರ ಊರು ಯಾವುದೆಂದು ಕೇಳಿದರಂತೆ, ಆಮೇಲೆ ಮಾತು ಹತ್ತಿತು. ಹಂಗಾಮು ಮುಗಿದ ಮೇಲೆ ಬೆಳಿಗ್ಗೆ ಮಕ್ಕಳನ್ನು ಬಿಡುವ ಕೆಲಸವನ್ನು ವಾರಕ್ಕೆ ಮೂರು ದಿನ ಪತಿ ವಹಿಸಿಕೊಂಡರು. ಅಪ್ಪನ ಜೊತೆ ಹೋದ ದಿನ ಮಗ ಅಳುವುದೇ ಇಲ್ಲ. ಅದನ್ನು ಹೇಳುವಾಗ ತಾಯಿಯ ದನಿಯಲ್ಲಿ ಸಣ್ಣ ಅಸಮಾಧಾನವಿತ್ತು, ನಾನು ಅದನ್ನು ಹಾಗೆಯೇ ಬಿಟ್ಟೆ.

ಕೊನೆಯ ಭೇಟಿ ಮಾರ್ಚ್‌ನಲ್ಲಿ, ಹೋಳಿ ಹುಣ್ಣಿಮೆಯಾದ ಮೇಲೆ. ಬಾಗಲಕೋಟೆಯಲ್ಲಿ ಬಣ್ಣದಾಟ ಒಂದು ದಿನಕ್ಕೆ ಮುಗಿಯುವುದಿಲ್ಲ. ಹಲಗೆಯ ಸದ್ದು, ಬಣ್ಣದ ಬ್ಯಾರಲ್ಲುಗಳ ಗದ್ದಲದಲ್ಲಿ ಡೇ ಕೇರ್ ಕೂಡ ಬಾಗಿಲು ಹಾಕಿತ್ತು. ಆ ದಿನಗಳನ್ನು ತಾಯಿ ಮಕ್ಕಳು ಮೂವರೂ ಮನೆಯೊಳಗೇ ಕಳೆದಿದ್ದರು. ರಜೆಯ ನಂತರ ಮತ್ತೆ ಬಿಡುವ ದಿನ ಮಕ್ಕಳು ಮೊದಲಿನಂತೆ ಅತ್ತರೆ ಗಾಬರಿಯಾಗಬೇಡಿ ಎಂದು ನಾನು ಮೊದಲೇ ಹೇಳಿದ್ದೆ, ಮಗನನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ಸೋಮವಾರ ಮಗ ಸೀದಾ ಒಳಗೆ ಹೋಗಿ ಗಾಲಿ ಇಲ್ಲದ ಲಾರಿಯೊಂದನ್ನು ಹಿಡಿದು ಕುಳಿತ. ಮಗಳು ಗೇಟಿನ ಬಳಿಯೇ ನಿಂತಳು. ಒಳಗಿನಿಂದ ‘ಬಾರವ್ವಾ’ ಎಂಬ ಕರೆ ಬಂದರೂ ಹೋಗಲಿಲ್ಲ, ತಾಯಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ದೊಡ್ಡ ದನಿ ತೆಗೆದು ಅತ್ತಳು. ತಾಯಿ ಹೇಳುವ ಮಾತನ್ನು ಹೇಳಿ, ಬೆರಳು ಬಿಡಿಸಿ, ಮಗಳನ್ನು ಆ ಹೆಂಗಸಿನ ಕೈಗೆ ಕೊಟ್ಟು ಕಚೇರಿಗೆ ಹೋದರು.

ಇದನ್ನು ಹೇಳಿ ಮುಗಿಸಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, ಯಾರಾದರೂ ಕೇಳಿಸಿಕೊಂಡಾರು ಎನ್ನುವ ಹಾಗೆ ದನಿ ತಗ್ಗಿಸಿದರು.

“ಮಮ್ಮಿ ಅಂತ ಅತ್ಲು ರೀ ಮೇಡಂ. ಅವತ್ತು ಆಫೀಸಿನ್ಯಾಗ ನಾನು ಎಲ್ಲಾರಿಗೂ ಚಾ ಕುಡಿಸಿದೆ.”